ಬಂದೂಕಿಗೆ ಬಾಸಿಂಗ

ನನಗೆ ಇಬ್ಬರು ಗಂಡಂದಿರು ಎಂದು ಹೇಳಿದರೆ ಮೊಮ್ಮಕ್ಕಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ನಗಲಿ. ಇಬ್ಬರೂ ಒಂದೇ ಮನೆಯವರು, ಇಬ್ಬರಿಗೂ ಕಟ್ಟಿದ ಬಾಸಿಂಗ ಒಂದೇ. ಮೊದಲನೆಯವನು ಮೂರೂವರೆ ಮೊಳ ಉದ್ದ, ಮೈಯೆಲ್ಲ ಕಬ್ಬಿಣ, ಅಲ್ಲಲ್ಲಿ ಹಿತ್ತಾಳೆಯ ಕಟ್ಟು, ಮಾತು ಕಡಿಮೆ. ಎರಡನೆಯವರು ಅದಕ್ಕಿಂತ ತುಸುವೇ ಎತ್ತರ, ಮಾತು ಬಹಳ. ಅವರ ಹೆಸರನ್ನು ಅವರು ಬದುಕಿದ್ದಾಗಲೇ ಬಾಯಿಬಿಟ್ಟು ಹೇಳಿದವಳಲ್ಲ ನಾನು, ಈಗ ಕಾಗದದ ಮೇಲೆ ಹೇಳುತ್ತೇನೆಯೆ? ಅವರ ಹೆಸರೇ ಇಲ್ಲದ ಕಡೆ ಉಳಿದವರ ಹೆಸರು ಯಾಕೆ ಬೇಕು. ಅತ್ತೆ, ಮಾವ, ಕುಲಕರ್ಣಿ ಎಂದರೆ ಸಾಕು, ನಮ್ಮ ಊರಿನಲ್ಲಿ ಎಲ್ಲರಿಗೂ ತಿಳಿಯುತ್ತದೆ.

ನಾನು ಹುಟ್ಟಿದ್ದು ಗಜೇಂದ್ರಗಡದಲ್ಲಿ, ಗುಡ್ಡದ ಬುಡದ ಓಣಿಯಲ್ಲಿ. ನಮ್ಮದು ಲಷ್ಕರಿ ಚಾಕರಿಯ ಮಂದಿ. ಮನೆಗೊಬ್ಬ ಗಂಡಸು ಯಾವುದೋ ಗಡದ ಮೇಲೆ ಪಹರೆಯಲ್ಲಿರುತ್ತಿದ್ದ, ಉಳಿದವರು ಹೊಲದಲ್ಲಿರುತ್ತಿದ್ದರು. ಹೀಗಾಗಿ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮುಹೂರ್ತ ಗೊತ್ತಾದ ಮೇಲೆ ಮದುಮಗನಿಗೆ ರಜೆ ಸಿಗದಿದ್ದರೆ ಮದುವೆ ನಿಲ್ಲುತ್ತಿರಲಿಲ್ಲ. ಅವನ ಹತಾರವನ್ನು, ಕತ್ತಿಯನ್ನೋ ಈಟಿಯನ್ನೋ, ಕಳಿಸುತ್ತಿದ್ದರು. ಆ ಹತಾರಕ್ಕೇ ಅರಿಷಿಣ ಹಚ್ಚಿ, ಬಾಸಿಂಗ ಕಟ್ಟಿ, ಅಂತರಪಟ ಹಿಡಿದು, ಅಕ್ಕಿಕಾಳು ಹಾಕಿ, ಹುಡುಗಿಯನ್ನು ಅತ್ತೆಯ ಮನೆಗೆ ಕಳಿಸಿಬಿಡುವುದು. ಮುಂದೆ ಅವನು ರಜೆಯ ಮೇಲೆ ಬಂದಾಗ ಇನ್ನೊಮ್ಮೆ ಅಕ್ಕಿಕಾಳು, ಒಂದು ಸಿಹಿ ಊಟ, ಮುಗಿಯಿತು.

ನನಗೆ ಆಗ ಹದಿನೇಳು ತುಂಬಿತ್ತು. ಆ ಕಾಲಕ್ಕೆ ಅದು ದೊಡ್ಡ ವಯಸ್ಸು. ಬಂದ ವರಗಳಿಗೆಲ್ಲ ನನ್ನ ಅಪ್ಪ ಏನಾದರೊಂದು ಕೊಂಕು ತೆಗೆಯುತ್ತಿದ್ದ. ಒಬ್ಬನ ಕಾಲು ಸೊಟ್ಟ, ಇನ್ನೊಬ್ಬನ ಮೀಸೆ ಸೊಟ್ಟ. ಕೊನೆಗೆ ಮುಶಿಗೇರಿಯ ಸಂಬಂಧ ಬಂತು. ಹುಡುಗ ನರಗುಂದದ ಗಡದ ಮೇಲೆ ಪಹರೆಯವನು. ಉತ್ತರದ ಕಡೆ ದೊಡ್ಡ ದಂಗೆಯಾದ ವರ್ಷ ಅದು, ಯಾವ ಗಡದಲ್ಲೂ ಯಾರಿಗೂ ರಜೆ ಇಲ್ಲ. ಸಾಮಾನ್ಯವಾಗಿ ಕಳಿಸುವುದು ಕತ್ತಿಯನ್ನು. ಆದರೆ ನಮ್ಮವರ ಕತ್ತಿ ಅವರ ಸೊಂಟದಲ್ಲೇ ಪಹರೆ ಮಾಡುತ್ತಿತ್ತು. ಮನೆಯಲ್ಲಿ ಉಳಿದಿದ್ದು ಹಳೆಯ ಬತ್ತಿ ಬಂದೂಕು ಒಂದೇ. ತುಳಸಿ ಲಗ್ನ ಮುಗಿದು ಎರಡು ವಾರಕ್ಕೆ ಮದುಮಗ ಚಕ್ಕಡಿಯಲ್ಲಿ ಮಲಗಿಕೊಂಡು ನಮ್ಮ ಬಾಗಿಲಿಗೆ ಬಂದ. ಅಪ್ಪ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಸೊಟ್ಟ ಎಲ್ಲೂ ಸಿಗದೆ, ಸುಮ್ಮನಾದ.

ಮಾವನದು ಸಂಭ್ರಮದ ಸ್ವಭಾವ. ಹಳೆಯ ಬಂದೂಕಿನವರು. ತಾಳಿ ಕಟ್ಟುವಾಗ ಒಂದು ಬಾರು ಹಾರಿಸದಿದ್ದರೆ ಅದು ಮದುವೆಯೇ ಅಲ್ಲ ಎನ್ನುವವರು. ಬೆಳಿಗ್ಗೆಯೇ ಎದ್ದು ನಳಿಗೆಗೆ ಮದ್ದು ಸುರಿದು, ಬಟ್ಟೆಯ ಉಂಡೆ ತುರುಕಿ, ಗಜದಿಂದ ಜಡಿದು, ಮಗ್ಗುಲಲ್ಲಿರುವ ಸಣ್ಣ ಬಟ್ಟಲಿಗೂ ಚಿಟಿಕೆ ಮದ್ದು ಹಾಕಿ ಮುಚ್ಚಳ ಎಳೆದಿಟ್ಟಿದ್ದರು. ಉರಿಯುವ ಬತ್ತಿ ಆ ಬಟ್ಟಲಿಗೆ ತಾಗಿದರೆ ಸಾಕು, ಬಾರು ಹಾರುತ್ತದೆ. ಅಷ್ಟರಲ್ಲಿ ನನ್ನ ಸೋದರಮಾವ ಬಂದು ನೋಡಿ, "ಏನ್ರಿ ಬೀಗರ, ಮದಿಮಗನ್ನ ಹಾರಸ್ತೀರೇನು?" ಎಂದ. ಹಂದರದಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮಾವ ನಾಚಿಕೊಂಡು ಬತ್ತಿ ಆರಿಸಿದರು. ಬೇರೆಯವರ ಬಂದೂಕು ತಂದು ಬಾರು ಹಾರಿಸಿದ್ದಾಯಿತು. ನಮ್ಮ ಮದುಮಗನ ಹೊಟ್ಟೆಯಲ್ಲಿದ್ದ ಮದ್ದು ಮಾತ್ರ ಹಾಗೆಯೇ ಉಳಿಯಿತು. ಮದುವೆಯ ಗಡಿಬಿಡಿಯಲ್ಲಿ ಅದನ್ನು ಯಾರು ನೆನಪಿಡುತ್ತಾರೆ?

ಮುಶಿಗೇರಿಯಲ್ಲಿ ನನ್ನ ಸಂಸಾರ ಶುರುವಾಯಿತು. ಬಂದೂಕನ್ನು ನಡುಮನೆಯಲ್ಲಿ ದೇವರ ಮಾಡಿನ ಪಕ್ಕದ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು, ತಲೆಯ ಮೇಲೆ ಬಾಸಿಂಗ. ದಿನಾ ಬೆಳಿಗ್ಗೆ ನಾನು ಅದಕ್ಕೆ ಕುಂಕುಮ ಹಚ್ಚಬೇಕು, ಮೊದಲ ರೊಟ್ಟಿ ಅದರ ಮುಂದೆ ಇಡಬೇಕು. ಅದರ ಕಡೆ ಕಾಲು ಚಾಚುವಂತಿಲ್ಲ. ಓಣಿಯ ಹೆಂಗಸರಿಗೆ ಇದೊಂದು ಆಟವಾಯಿತು. ಹೊಸ್ತಿಲಲ್ಲಿ ಅಡ್ಡ ನಿಂತು, "ಗಂಡನ ಹೆಸರ ಹಚ್ಚಿ ಒಡಪ ಹೇಳ, ಒಳಗ ಬಿಡತೀವಿ" ಎಂದರು. ನಾನೇನು ಬಿಡುವವಳೆ?

"ಮುಶಿಗೇರಿ ಊರ ಮುಂದ ಸಿಹಿನೀರ ಬಾವಿ,
ನನ್ನ ಕೈ ಹಿಡದವರು ಮೂರೂವರಿ ಮೊಳದ ಕೋವಿ"

ಎಂದೆ. ಅವತ್ತಿನಿಂದ ಊರಿನಲ್ಲಿ ನನಗೆ ಕೋವಿಯವಳು ಎಂದೇ ಹೆಸರಾಯಿತು. ಖರೇ ಹೇಳಬೇಕೆಂದರೆ ಆ ಗಂಡ ನನಗೆ ಸೇರಿದ್ದ. ಎದುರು ಮಾತಿಲ್ಲ, ಸಾರಿಗೆ ಉಪ್ಪು ಕಡಿಮೆ ಎನ್ನುವುದಿಲ್ಲ, ತವರಿಗೆ ಹೋಗಬೇಡ ಎನ್ನುವುದಿಲ್ಲ. ನರಗುಂದದವರು ಹೀಗೆ ಇರಲಾರರು ಎಂಬ ಅನುಮಾನ ನನಗೆ ಆಗಲೇ ಬಂದಿತ್ತು.

ನಾನು ಬಂದ ಒಂಬತ್ತನೆಯ ದಿನ ಊರಲ್ಲಿ ಡಂಗುರ ಬಾರಿಸಿದರು. ಕುಂಪಣಿ ಸರ್ಕಾರದ ಹೊಸ ಕಾಯ್ದೆ. ಯಾರ ಮನೆಯಲ್ಲಿ ಬಂದೂಕು, ಕತ್ತಿ, ಈಟಿ ಇದ್ದರೂ ತಂದು ಚಾವಡಿಗೆ ಒಪ್ಪಿಸಬೇಕು. ಇಟ್ಟುಕೊಳ್ಳಬೇಕೆಂದರೆ ಪರವಾನಗಿ ತೆಗೆದುಕೊಳ್ಳಬೇಕು. ಮುಚ್ಚಿಟ್ಟವರಿಗೆ ಸಜಾ.

ಅವತ್ತಿನಿಂದ ಚಾವಡಿಯ ಕಟ್ಟೆ ಖಾಲಿ ಇದ್ದದ್ದನ್ನು ಯಾರೂ ನೋಡಲಿಲ್ಲ. ಹೆಂಗಸರು ಅಲ್ಲಿಗೆ ಹೋಗುವಂತಿರಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ, ಮಾವ ಇದ್ದರಲ್ಲ. ಮಧ್ಯಾಹ್ನ ಊಟಕ್ಕೆ ಕೂತವರೇ ಚಾವಡಿಯನ್ನು ತಾಟಿನ ಮುಂದೆ ತಂದಿಡುತ್ತಿದ್ದರು. ಗೌಡರ ಪಾಲು ಬಂದಾಗ ಹೊಟ್ಟೆ ಮುಂದೆ ಮಾಡಿ ಕೂರುತ್ತಿದ್ದರು. "ಕಾಯ್ದೆ ಚಲೋ ಐತಿ ನೋಡ್ರಿ. ಊರಾಗ ಶಾಂತಿ ಇರತೈತಿ. ನನಗಂತೂ ಪರವಾನಗಿ ಸಿಗತೈತಿ." ಆಮೇಲೆ ದನಿ ಸಣ್ಣದು ಮಾಡಿ ಪಿಂಜಾರ ಕಾಕಾ ಆಗುತ್ತಿದ್ದರು, ನಮ್ಮ ಓಣಿಯ ಹತ್ತಿ ಹಿಂಜುವವನು, ಹೊಲವೂ ಇತ್ತು. "ನಾ ಬಂದೂಕ ಕೊಡತೀನ್ರಿ ಗೌಡ್ರ. ಅಡವಿ ಹಂದಿಗೂ ಒಂದ ಡಂಗುರ ಹೊಡಸ್ರಿ, ಇನ್ನ ಮ್ಯಾಲ ಜ್ವಾಳಕ್ಕ ಬರಬಾರದು ಅಂತ." ನೇಕಾರನ ಮಾತು ಬೇರೆ: "ನಮ್ಮಂಥವ್ರು ಕೊಡತೀವಿ. ಸಂತಿ ದಾರಿ ಕಾಯೋ ಕಳ್ಳರು ಕೊಡತಾರೇನು? ನಮ್ಮ ಕೈಯಾಗ ಲಾಳಿ, ಅವರ ಕೈಯಾಗ ಬಂದೂಕು!" ಹಣ್ಣಾದ ಒಬ್ಬ ಮುದುಕ ಇದ್ದ, ಅವನು ಮಾತ್ರ, "ಬದುವಿನ ಜಗಳದಾಗ ಕೈಯಾಗ ಬಾರಕೋಲ ಇದ್ರ ಬೆನ್ನಮ್ಯಾಲ ಬರಿ ಮೂಡತೈತಿ, ಬಂದೂಕ ಇದ್ರ ಹೆಣಾ ಬೀಳತೈತಿ. ನಮ್ಮ ತಮ್ಮನ್ನ ಹಂಗ ಕಳಕೊಂಡೀನಿ. ಒಯ್ಯಲಿ ಬಿಡ್ರಿ" ಎಂದನಂತೆ. ಇದನ್ನು ಹೇಳುವಾಗ ಮಾವ ನಟನೆ ಮಾಡಲಿಲ್ಲ.

"ಮತ್ತ ನೀವೇನಂದ್ರಿ?" ಎಂದು ಅತ್ತೆ ಕೇಳಿದರು.

"ನಾ ಏನನ್ನಲಿ? ಇಷ್ಟ ದೊಡ್ಡ ಸರಕಾರ ನಮ್ಮ ಮನೀ ತುಕ್ಕಬಂದೂಕಿಗೆ ಅಂಜತೈತಿ ಅಂದ್ರ ನನ್ನ ಎದಿ ಗೇಣ ಉಬ್ಬಿತು ಅಂದ್ನಿ."

"ಉಬ್ಬಲಿ. ರೊಟ್ಟಿ ಉಣ್ರಿ, ಆರತಾವು" ಎಂದರು ಅತ್ತೆ. ಅವರು ಮಾತಿಗಿಂತ ಕಣ್ಣಿನಿಂದ ಹೆಚ್ಚು ಕೆಲಸ ಮಾಡಿಸುವ ಹೆಂಗಸು. ನನಗೆ ಅವರೆಂದರೆ ಹೆದರಿಕೆ.

ಬಾವಿಯ ಕಟ್ಟೆಯ ಮೇಲಿನ ಚರ್ಚೆಯನ್ನು ಯಾರೂ ಕೇಳಲಿಲ್ಲ, ಬರೆದುಕೊಳ್ಳಲೂ ಇಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ನಮ್ಮ ಎದುರು ಮನೆಯಾಕೆ ಕೊಡ ಬೆಳಗುತ್ತ, "ನಮ್ಮನೀದು ನಾನ ತಲಿಮ್ಯಾಲ ಹೊತ್ಕೊಂಡ ಹೋಗಿ ಕೊಟ್ಟ ಬರತೀನಿ. ಅಂವಾ ಕುಡದ ಬಂದಾಗೊಮ್ಮೆ ಅದನ್ನ ಗೂಟದಿಂದ ಇಳಸತಾನ" ಎಂದಳು. ಅಲ್ಲಿಯವರೆಗೆ ನಗುತ್ತಿದ್ದವರು ನಾವು, ಸುಮ್ಮನಾದೆವು. ಸುಮ್ಮನಿರಲಾರದ ಒಬ್ಬಳು ನನ್ನ ಕಡೆ ತಿರುಗಿ, "ಅಲ್ಲಾ, ನಿನ್ನ ಗಂಡನ್ನ ಸರಕಾರಕ್ಕ ಕೊಟ್ಟ ಮ್ಯಾಲ ನೀ ಮುತ್ತೈದಿಯೋ, ಏನ ಅಂತ ತಿಳಕೊಳ್ಳೂಣು?" ಎಂದಳು. ಅಲ್ಲಿ ಎಲ್ಲರ ಜೊತೆ ನಾನೂ ನಕ್ಕೆ. ಮನೆಗೆ ಬಂದು ಬೀಸುಕಲ್ಲಿನ ಮುಂದೆ ಕೂತು ಅತ್ತುಬಿಟ್ಟೆ. ಮುಖ ನೋಡಿರದ ಗಂಡ ಯಾವುದೋ ಗಡದ ಮೇಲೆ. ಅವನು ಬರುತ್ತಾನೋ ಇಲ್ಲವೋ ದೇವರಿಗೆ ಗೊತ್ತು. ಅವನ ಗುರುತೆಂದು ಇದ್ದದ್ದು ಇದೊಂದು ಕಬ್ಬಿಣ. ಇದೂ ಹೋದರೆ ನಾನು ಯಾರ ಹೆಂಡತಿ? ಕೊರಳಲ್ಲಿ ತಾಳಿ ಇದೆ, ಆದರೆ ಅದರ ಒಡೆಯ ಚಾವಡಿಯ ರಾಶಿಯಲ್ಲಿ. ಹದಿನೇಳರ ಬುದ್ಧಿಗೆ ಅದು ಸಣ್ಣ ಸಂಕಟವಲ್ಲ.

ಕುಲಕರ್ಣಿ ಮನೆಮನೆ ಯಾದಿ ಬರೆಯುತ್ತ ನಮ್ಮಲ್ಲಿಗೂ ಬಂದರು. "ಹತಾರ ಎಷ್ಟದಾವ?" ಎಂದರು.

"ಹತಾರ ಒಂದೂ ಇಲ್ರಿ" ಎಂದರು ಅತ್ತೆ.

ಕುಲಕರ್ಣಿ ಬಾಗಿಲಿಂದ ಒಳಗೆ ಇಣುಕಿ, "ಮತ್ತ ಅದು?" ಎಂದು ಕೇಳಿದರು.

"ಅದು ನಮ್ಮ ಮಗಾರಿ."

ಕುಲಕರ್ಣಿ ಒಂದು ಗಳಿಗೆ ಯೋಚಿಸಿದರು. ಆ ಬಂದೂಕಿಗೆ ಮುಹೂರ್ತ ತೆಗೆದುಕೊಟ್ಟವರು ಅವರ ಖಾಸ ಅಣ್ಣ. ಅದು ಹತಾರ ಎಂದು ಬರೆದರೆ ಅಣ್ಣ ಹತಾರಕ್ಕೆ ಲಗ್ನ ಮಾಡಿಸಿದಂತಾಗುತ್ತದೆ. ನಮ್ಮ ಮನೆಯ ಮುಂದೆ "ಏನೂ ಇಲ್ಲ" ಎಂದು ಬರೆದುಕೊಂಡು ಹೋದರು.

ಹೀಗೇ ಉಳಿದುಬಿಡುತ್ತಿತ್ತೇನೋ. ಎಳ್ಳಮಾವಾಸ್ಯೆ ಬಂತು. ಹೊಲಕ್ಕೆ ಹೋಗುವ ಮೊದಲು ಹೊಸ ಸೊಸೆ ಗಂಡನಿಗೆ ಆರತಿ ಮಾಡಬೇಕೆಂದು ಅತ್ತೆ ಐದು ಜನ ಮುತ್ತೈದೆಯರನ್ನು ಕರೆದಿದ್ದರು. ಹಬ್ಬದ ದಿನ ಗಂಡ ಥಳಥಳ ಹೊಳೆಯಲಿ ಎಂದು ನಾನು ಹುಣಸೆಹಣ್ಣು ಹಚ್ಚಿ ಹಿತ್ತಾಳೆಯನ್ನೆಲ್ಲ ತಿಕ್ಕಿದೆ. ಮಗ್ಗುಲಿನ ಆ ಬಟ್ಟಲಿನ ಮುಚ್ಚಳವೂ ಹಿತ್ತಾಳೆಯದು, ಅದನ್ನು ಸರಿಸಿ ಸುತ್ತಲೂ ಒರೆಸಿದೆ. ಒಳಗೆ ಕರಿ ಪುಡಿ ಕಂಡಿತು. ಮಸಿ ಎಂದುಕೊಂಡೆನೋ ಧೂಳು ಎಂದುಕೊಂಡೆನೋ, ಈಗ ನೆನಪಿಲ್ಲ. ಮುಚ್ಚುವುದನ್ನು ಮರೆತೆ.

ಅದೇ ಹೊತ್ತಿಗೆ ಹೊರಗೆ ನಮ್ಮ ಕಟ್ಟೆಯ ಮೇಲೆ ಕುಲಕರ್ಣಿಯವರು ರೋಣದ ಕಚೇರಿಯ ಪೇದೆಯೊಬ್ಬನನ್ನು ಕೂರಿಸಿಕೊಂಡು, ಯಾದಿ ತೋರಿಸುತ್ತ, "ನಮ್ಮ ಊರ ಸ್ವಚ್ಛ ಐತ್ರಿ, ಒಂದ ಮದ್ದಿನ ಕಾಳ ಉಳದಿಲ್ಲ" ಎನ್ನುತ್ತಿದ್ದರಂತೆ.

ಒಳಗೆ ಹೆಂಗಸರು ಆರತಿಯ ಹಾಡು ಹಿಡಿದರು. ನಾನು ತಲೆ ಬಗ್ಗಿಸಿ, ಕರ್ಪೂರ ಹಚ್ಚಿದ ತಾಟನ್ನು ಗಂಡನ ಮುಂದೆ ಎತ್ತಿ, ಬಲಕ್ಕೆ ಒಂದು ಸುತ್ತು, ಎರಡು ಸುತ್ತು ಬೆಳಗಿದೆ. ಮೂರನೆಯ ಸುತ್ತಿಗೆ ಗಂಡ ಬಾಯಿಬಿಟ್ಟ.

ಆ ಸದ್ದನ್ನು ಹೇಗೆ ಹೇಳಲಿ! ಗುಂಡು ಇರಲಿಲ್ಲ, ಬರೀ ಮದ್ದು, ಬಟ್ಟೆಯ ಉಂಡೆ. ಅದು ನೆಟ್ಟಗೆ ಮೇಲಕ್ಕೆ ಹೋಗಿ ಮಾಳಿಗೆಗೆ ಬಡಿಯಿತು. ತಲೆತಲಾಂತರದಿಂದ ಅಲ್ಲಿ ಕೂತಿದ್ದ ಮಣ್ಣೆಲ್ಲ ನಮ್ಮ ಮೇಲೆ, ಕಡುಬಿನ ಮೇಲೆ, ದೇವರ ಮೇಲೆ ಸುರಿಯಿತು. ಐದು ಜನ ಮುತ್ತೈದೆಯರು ಯಾವ ಬಾಗಿಲಿಂದ ಹೋದರೋ ನಾನು ನೋಡಲಿಲ್ಲ. ತಾಟು ನನ್ನ ಕೈಯಲ್ಲೇ ಇತ್ತು. ಹೊಗೆ ಕರಗಿದಾಗ ಅತ್ತೆ ಅಡಿಯಿಂದ ಮುಡಿಯವರೆಗೆ ಮಣ್ಣಾಗಿ ಹೊಸ್ತಿಲಲ್ಲಿ ನಿಂತಿದ್ದರು. ಹೊರಗಿನಿಂದ ಪೇದೆ, "ಒಳಗ ಏನ್ರೀ ಅದು?" ಎಂದು ಕೂಗಿದ.

"ಏನಿಲ್ರಿ. ನಮ್ಮ ಮಗ ಕೆಮ್ಮಿದ" ಎಂದರು ಅತ್ತೆ.

ಪೇದೆ ಒಳಗೆ ಬಂದ. ಬಾಸಿಂಗ ಕಟ್ಟಿಕೊಂಡು ಮೂಗಿನಿಂದ ಹೊಗೆ ಬಿಡುತ್ತ ನಿಂತ ಬಂದೂಕನ್ನು ನೋಡಿದ, ಅದರ ಮುಂದೆ ಆರತಿ ಹಿಡಿದ ನನ್ನನ್ನು ನೋಡಿದ. ನಕ್ಕೂ ನಕ್ಕೂ ಸಾಕಾಗಿ ಗೋಡೆ ಹಿಡಿದು ಕೂತುಬಿಟ್ಟ. ಕುಲಕರ್ಣಿಯ ಮುಖ ಮಾತ್ರ ಎಳ್ಳಿನಷ್ಟಾಗಿತ್ತು. ಪೇದೆ ಒಳ್ಳೆಯವನು. ತಾವಾಗಿಯೇ ಒಪ್ಪಿಸಿದರು ಎಂದು ಬರೆದುಕೊಳ್ಳೋಣ, ಆದರೆ ಇವತ್ತೇ ರೋಣದ ಕಚೇರಿಗೆ ಮುಟ್ಟಬೇಕು ಎಂದ. ಮಾವ ಚಕ್ಕಡಿ ಹೂಡಲು ಎದ್ದರು. ಹೊಳೆಯ ಆಚೆಯ ಒಂದು ಊರಿನಲ್ಲಿ ಹತಾರ ಕೊಡುವುದಿಲ್ಲ ಎಂದವರ ಮನೆಗಳಿಗೆ ಬೆಂಕಿ ಬಿದ್ದ ಸುದ್ದಿ ಆಗಲೇ ಬಂದಿತ್ತು. ಆ ಸುದ್ದಿಯನ್ನು ಮಾವ ಊಟದ ಮುಂದೆ ಆಡಿ ತೋರಿಸಿರಲಿಲ್ಲ.

ನಾನು ಅಳುತ್ತ ಬಂದೂಕಿನ ಮೈ ಒರೆಸಿ, ಓರೆಯಾಗಿದ್ದ ಬಾಸಿಂಗವನ್ನು ಸರಿಮಾಡಿ ಕಟ್ಟಿದೆ. "ಅತ್ತೀ, ಇನ್ನ ನಾ ಏನ್ ಅನ್ನಿಸಿಕೋಬೇಕ್ರಿ?" ಎಂದೆ. ಅತ್ತೆ ತಲೆಯ ಮಣ್ಣು ಕೊಡವುತ್ತ, "ಗಂಡ ಊರಿಗೆ ಹೋಗ್ಯಾನ ಅನ್ನು. ಎಲ್ಲಾರ ಗಂಡಂದಿರೂ ಹೋಗ್ತಾರ" ಎಂದಷ್ಟೇ ಹೇಳಿ ಬಂದೂಕನ್ನು ಎತ್ತಿ ಚಕ್ಕಡಿಗೆ ಹಾಕಿದರು. ಕಣ್ಣಲ್ಲಿ ಒಂದು ಹನಿ ಇಲ್ಲ. ಕಲ್ಲು ಮನಸ್ಸಿನ ಹೆಂಗಸು ಎಂದು ನನಗೆ ಸಿಟ್ಟು ಬಂತು. ಕಚೇರಿಯವರು ಅಚ್ಚುಕಟ್ಟಿನ ಜನ. ಯಾದಿಯಲ್ಲಿ ಬಂದೂಕು ಒಂದು, ಬಾಸಿಂಗ ಒಂದು ಎಂದು ಬರೆದುಕೊಂಡರಂತೆ.

ಯುಗಾದಿ ಹೋಯಿತು. ಬಿಸಿಲು ಏರಿದ ಮೇಲೆ ಒಂದು ದಿನ ಮಧ್ಯಾಹ್ನ ಬಾಗಿಲಲ್ಲಿ ಗುರುತಿಲ್ಲದ ಗಂಡಸೊಬ್ಬ ಬಂದು ನಿಂತು, "ಯವ್ವಾ" ಎಂದ. ನಾನು ಕದದ ಸಂದಿನಿಂದ ನೋಡಿದೆ. ಕಿವಿ ಸ್ವಲ್ಪ ದೊಡ್ಡವು. ಉಳಿದದ್ದೆಲ್ಲ ಚಲೋ ಇತ್ತು. ಎಂಟು ದಿನದ ರಜೆ ಎಂದರು. ಕುಳಿತವರೇ ಗಡದ ಸುದ್ದಿ ತೆಗೆದರು. "ಈಗ ಸರಕಾರ ನಮ್ಮ ಗಡದ ತೋಪನ್ನೂ ಕೇಳಾಕ ಹತ್ತೈತಿ. ನಮ್ಮ ಮಂದಿ ಕಣ್ಣ ಕೆಂಪಗ ಮಾಡಿಕೊಂಡ ಕುಂತಾರ. ಈ ಸಲ ಸುಮ್ಮನ ಬಿಡಂಗಿಲ್ಲ. ನಾ ಲಗೂ ಹೋಗಬೇಕು." ಹೇಳುವಾಗ ಅವರ ಕಣ್ಣು ಹಬ್ಬದ ದಿನದಂತೆ ಹೊಳೆಯುತ್ತಿದ್ದವು. ಅತ್ತೆ ಆ ಕಣ್ಣನ್ನೇ ನೋಡುತ್ತಿದ್ದರು.

ಮಾವ ಅಕ್ಕಿಕಾಳಿಗೆ ಮಂದಿ ಕರೆಯಲು ಎದ್ದರು. "ಕುಂಡ್ರಿ" ಎಂದರು ಅತ್ತೆ. "ಹ್ಯಾಂಗ ಅಕ್ಕಿಕಾಳ ಹಾಕತೀರಿ? ಬಂದೂಕಿಗೆ ಕಟ್ಟಿದ ಬಾಸಿಂಗ ಬಂದೂಕಿನ ಮ್ಯಾಲಿಂದ ಬಿಚ್ಚಿ ಇವನ ಹಣಿಗೆ ಕಟ್ಟಬೇಕು. ಅಲ್ಲೀತನಕ ಇಕಿ ಬಂದೂಕಿನ ಹೆಣ್ತಿ. ಇವಗ ಪರಸ್ತ್ರೀ."

ಮಾವ ಕಕ್ಕಾಬಿಕ್ಕಿಯಾದರು. "ಹಂಗೊಂದು ಶಾಸ್ತ್ರ ಐತೇನು?"

"ಗಂಡಸರಿಗೆ ಏನ್ ಗೊತ್ತಿರತೈತಿ?"

ಅತ್ತೆ ಹೀಗೆ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಮುಂದೆ ಮಾತಿಲ್ಲ. ಇವರು ಹೊರಗಿನ ಕಟ್ಟೆಯ ಮೇಲೆ ಮಲಗತಕ್ಕದ್ದು, ನಾನು ಒಳಗೆ. ಮರುದಿನವೇ ಇವರು ರೋಣಕ್ಕೆ ಹೋದರು. ಮಾಮಲೇದಾರರು ಅರ್ಜಿ ಕೇಳಿ ಲೇಖಣಿ ಕೆಳಗಿಟ್ಟರಂತೆ. "ಗಂಡನ್ನ ಬಿಡಸಿಕೊಡ್ರಿ ಅಂತ ಹೆಣ್ಮಕ್ಕಳು ಬಂದದ್ದು ನೋಡೀನಿ. ಗಂಡಾನ ಬಂದು ಗಂಡನ್ನ ಬಿಡಸಿಕೊಡ್ರಿ ಅನ್ನೂದು ಇದ ಮೊದಲು." ನಕ್ಕರೂ ಕೈಯಲ್ಲಿ ಕೊಡುವ ಅಧಿಕಾರ ಅವರಿಗೆ ಇರಲಿಲ್ಲ. ಒಳಗೆ ಹೋದ ಹತಾರ ಹೊರಗೆ ಬರಬೇಕೆಂದರೆ ಧಾರವಾಡದ ಹುಕುಂ ಬೇಕು. ಅರ್ಜಿ ಧಾರವಾಡಕ್ಕೆ ಹೋಯಿತು. ನಾಲ್ಕು ದಿನ ಬಿಟ್ಟು ಬಾ ಎಂದರು. ಹೋದರೆ, ಬಾಸಿಂಗ ಎಂದರೆ ಏನು ಎಂದು ಧಾರವಾಡದಿಂದ ಸವಾಲು ಬಂದಿತ್ತು. ಅದಕ್ಕೆ ಉತ್ತರ ಬರೆದು ಕಳಿಸಬೇಕು, ಮತ್ತೆ ನಾಲ್ಕು ದಿನ. ಇವರು ಬಿಸಿಲಲ್ಲಿ ಮುಶಿಗೇರಿಯಿಂದ ರೋಣಕ್ಕೆ, ರೋಣದಿಂದ ಮುಶಿಗೇರಿಗೆ ತಿರುಗಿ ಕರ್ರಗಾದರು.

ಒಮ್ಮೆ ಹೀಗೆ ಬಂದವರಿಗೆ ನಾನು ಬಾಗಿಲ ಮರೆಯಿಂದ ತಂಬಿಗೆ ನೀರು ಸರಿಸಿದೆ. ಕುಡಿದು, ಸುತ್ತಲೂ ನೋಡಿ, ಮೆಲ್ಲಗೆ ಕೇಳಿದರು.

"ನಿನ್ನ ಗಂಡ ಹ್ಯಾಂಗ ಇದ್ದ?"

"ಚಲೋ ಇದ್ದರ್ರಿ. ಭಾಳ ಸುಮ್ಮನ ಇರತಿದ್ದರು. ಒಮ್ಮೆ ಮಾತ್ರ ಸಿಟ್ಟಿಗೆದ್ದರು, ಮಾಳಿಗಿ ಕೆಡವಿದರು."

"ನನಗಿಂತ ಚಲೋ ಇದ್ದನೇನು?"

"ನಿಮ್ಮನ್ನ ನಾ ಇನ್ನೂ ಕಂಡಿಲ್ಲಲ್ರಿ" ಎಂದೆ. ಸುಳ್ಳು. ದಿನಕ್ಕೆ ಹತ್ತು ಸಲ ಕದದ ಸಂದಿನಿಂದ ಕಾಣುತ್ತಿದ್ದೆ. ಅವರಿಗೂ ಅದು ಗೊತ್ತಿತ್ತು. ನಕ್ಕರು. ಆ ನಗೆಗೆ ನಾನು ಮನಸೋತೆ. ಅತ್ತೆಯ ಆ ಹಾಳು ಶಾಸ್ತ್ರದ ಮೇಲೆ ನನಗೆ ಎಂಥ ಸಿಟ್ಟು ಎಂದು ಹೇಳಿ ಮುಗಿಯದು. ನನ್ನ ತವರಿನಲ್ಲಿ ಇಂಥದೊಂದು ಶಾಸ್ತ್ರ ಇರಲಿಲ್ಲ. ಮುಶಿಗೇರಿಯವರದು ಬೇರೆ ಇರಬೇಕು ಎಂದುಕೊಂಡೆ.

ಎಂಟನೆಯ ದಿನ ಇವರು ಸೊಂಟಕ್ಕೆ ಪಟ್ಟಿ ಬಿಗಿದರು. "ಯವ್ವಾ, ಶಾಸ್ತ್ರ ಆಮ್ಯಾಲ ನೋಡೂಣು. ನಾ ಹೋಗಾಕಬೇಕು. ಜೊತಿಯವರು ದಾರಿ ಕಾಯತಿರತಾರ."

ಅತ್ತೆ ಬಾಗಿಲಿಗೆ ಅಡ್ಡ ಕೂತರು. "ಹೋಗು. ನೀ ಅಗಸಿ ದಾಟೂದರಾಗ ನಾ ಇಕಿ ಬಳಿ ಒಡಿತೀನಿ. ಇಕಿ ಗಂಡ ರೋಣದಾಗ ರಾಶಿಯೊಳಗ ಬಿದ್ದಾನ, ನೀ ಇಕಿಗೆ ಯಾರೂ ಅಲ್ಲ. ನಾಳೆ ನೀ ಬರಲಿಲ್ಲ ಅಂದ್ರ ಈ ಕೂಸು ಯಾರ ಹೆಸರ ಹೇಳಿ ಅಳಬೇಕು?"

ನಾನು ಒಳಗೆ ನನ್ನ ಬಳೆಗಳನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದೆ. ಇವರು ಒಳಗೆ ನೋಡಿದರು. ನಾನು ಆಗ ಮರೆಗೆ ಸರಿಯಲಿಲ್ಲ, ನೆಟ್ಟಗೆ ಅವರ ಮುಖ ನೋಡಿದೆ. ಹೋಗಬೇಡಿ ಎಂದು ಬಾಯಿಂದ ಹೇಳುವ ಧೈರ್ಯ ಇರಲಿಲ್ಲ. ಇವರು ಹೊಸ್ತಿಲಿಂದ ಕಾಲು ಹಿಂದೆ ತೆಗೆದರು. ಆಮೇಲೆ ಪಟ್ಟಿ ಬಿಚ್ಚಿ ಗೂಟಕ್ಕೆ ಹಾಕಿ, ಹುಕುಂ ಬಂದ ದಿನವೇ ಹೊರಡುತ್ತೇನೆ ಎಂದು ಕಟ್ಟೆಯ ಮೇಲೆ ಕೂತರು.

ಹುಕುಂ ಬರಲು ಮತ್ತೆ ಮೂರು ವಾರ ಹಿಡಿಯಿತು. ಬಂದದ್ದು ಅದೇ ಪೇದೆ, ಎಳ್ಳಮಾವಾಸ್ಯೆಯವನು. ಒಂದು ತಾಸಿನ ಮಟ್ಟಿಗೆ, ಪಹರೆಯಲ್ಲಿ, ಬಂದೂಕನ್ನು ತೋರಿಸಿ ವಾಪಸು ತರಬೇಕೆಂದು ಅವನಿಗೆ ಅಪ್ಪಣೆಯಾಗಿತ್ತು. ಗೋಣಿ ಬಿಚ್ಚಿದರೆ ನನ್ನ ಮೊದಲ ಗಂಡ ಗುರುತು ಸಿಗದಂತಾಗಿದ್ದ. ಕಟ್ಟಿಗೆಯ ಹಿಡಿಕೆ ಕಿತ್ತು ಹಾಕಿದ್ದರು, ಹಿತ್ತಾಳೆ ಇರಲಿಲ್ಲ, ಬರೀ ನಳಿಗೆ. ಅದರ ತುದಿಗೆ ಬಣ್ಣ ಹೋದ ಬಾಸಿಂಗ ಇನ್ನೂ ನೇತಾಡುತ್ತಿತ್ತು. ನನಗೆ ಖರೇನೇ ಕೆಟ್ಟದೆನಿಸಿತು. ಅತ್ತೆ ಬಾಸಿಂಗ ಬಿಚ್ಚಿ ಇವರ ಹಣೆಗೆ ಕಟ್ಟಿದರು. ಪೇದೆಯೂ ಅಕ್ಕಿಕಾಳು ಹಾಕಿದ. ಒಂದು ತಾಸಿಗೆ ನಳಿಗೆಯನ್ನು ಗೋಣಿಯಲ್ಲಿ ಸುತ್ತಿ ಒಯ್ದ.

ಮರುದಿನ ಬೆಳಿಗ್ಗೆ ಇವರು ನರಗುಂದಕ್ಕೆ ಹೊರಡಲು ಸಿದ್ಧರಾದರು. ಈ ಸಲ ಅತ್ತೆ ತಡೆಯಲು ಇನ್ನೇನು ಹೇಳುತ್ತಿದ್ದರೋ, ಹೇಳುವ ಪ್ರಸಂಗ ಬರಲಿಲ್ಲ. ಊರ ಅಗಸಿ ಬಾಗಿಲಲ್ಲಿ ಕಾಳಿನ ಗಾಡಿಯವನೊಬ್ಬ, ಹೊಳೆಆಲೂರಿನ ಕಡೆಯಿಂದ ಬಂದವನು, ನೀರು ಕೇಳಿ ಕುಡಿದು ಹೇಳಿದ. ನರಗುಂದದಲ್ಲಿ ಎಲ್ಲ ಮುಗಿದುಹೋಗಿತ್ತು. ಗಡ ಬಿದ್ದಿತ್ತು. ಇವರ ಪಹರೆಯ ಜೊತೆಗಾರರು ಒಬ್ಬರೂ ಉಳಿದಿರಲಿಲ್ಲ.

ಇವರು ತಿರುಗಿ ಬಂದು ಗೋಡೆಯ ಕಡೆ ಮುಖ ಮಾಡಿ ಕೂತರು. ಮೂರು ದಿನ ಅನ್ನ ಮುಟ್ಟಲಿಲ್ಲ. "ನಾ ಅಲ್ಲಿರಬೇಕಾಗಿತ್ತು" ಎಂದು ಒಮ್ಮೆ ಹೇಳಿದರು, ಯಾರಿಗೂ ಅಲ್ಲ, ಗೋಡೆಗೆ. ನಾನು ತಾಟು ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದೆ. ಅವರ ದುಃಖ ನೋಡಿ ಕರುಳು ಚುರಕ್ಕೆನ್ನುತ್ತಿತ್ತು. ಆದರೂ ಒಳಗೊಳಗೆ ಸಂತೋಷ ಉಕ್ಕುತ್ತಿತ್ತು, ಅದನ್ನು ಮುಚ್ಚಿಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು. ಅದಕ್ಕಾಗಿ ನಾನು ಇವತ್ತಿಗೂ ನಾಚುವುದಿಲ್ಲ.

ಆ ಕಾಯ್ದೆ ಒಳ್ಳೆಯದೋ ಕೆಟ್ಟದ್ದೋ ಎಂದು ಈಗಲೂ ಯಾರಾದರೂ ವಾದಕ್ಕೆ ಕೂರುತ್ತಾರೆ. ಪಿಂಜಾರ ಕಾಕಾನ ಜೋಳವನ್ನು ಆ ವರ್ಷ ಹಂದಿ ತಿಂದದ್ದು ಖರೆ. ಎದುರು ಮನೆಯಾಕೆ ಆಮೇಲೆ ಮೈ ತುಂಬಿಕೊಂಡದ್ದೂ ಖರೆ. ಹೊಳೆಯಾಚೆಯ ಊರಿನ ಸುಟ್ಟ ಮನೆಗಳೂ ಖರೆ. ನನ್ನನ್ನು ಕೇಳಬೇಡಿ. ಮನೆಯೊಳಗೆ ಸೇರಿದ್ದ ಗಂಡನನ್ನು ಅದು ಒಯ್ದಿತು, ಹೊರಗಿದ್ದ ಗಂಡನನ್ನು ತಂದು ಕೊಟ್ಟಿತು ಎಂದು ನಾನು ಬಹಳ ವರ್ಷ ತಿಳಿದುಕೊಂಡಿದ್ದೆ.

ನನ್ನ ದೊಡ್ಡ ಮಗಳ ಮದುವೆ ಗೊತ್ತಾದಾಗ, ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಅವಳಿಗೆ ನಮ್ಮ ಮನೆಯ ಶಾಸ್ತ್ರಗಳನ್ನು ಒಂದೊಂದಾಗಿ ಹೇಳಿಕೊಡುತ್ತಿದ್ದೆ. ಬಾಸಿಂಗ ಬಿಚ್ಚಿ ಕಟ್ಟುವುದನ್ನೂ ಹೇಳಿದೆ. ಪಕ್ಕದಲ್ಲಿ ಮೊರ ಹಿಡಿದು ಕೂತಿದ್ದ ಅತ್ತೆ, ಆಗ ಹಣ್ಣಾಗಿದ್ದರು, ಮೊರ ನಿಲ್ಲಿಸಿ ನಕ್ಕರು.

"ಅಂಥಾ ಶಾಸ್ತ್ರ ಎಲ್ಲಿತ್ತ ಹುಚ್ಚಿ, ನಮ್ಮಾಗ?"

"ಮತ್ತ ಅವತ್ತ ಹೇಳಿದ್ರಲ್ರಿ?"

"ಅಂವಾ ಬಂದ ದಿನಾ ಅವನ ಕಣ್ಣ ನೋಡಿದ್ನಿ. ಯವ್ವಾ ಹೋಗಬ್ಯಾಡ ಅಂದಾಳ ಅಂತ ಗಂಡಮಕ್ಕಳು ನಿಲ್ಲತಾರೇನು? ಶಾಸ್ತ್ರಕ್ಕ ನಿಲ್ಲತಾರ, ಕಚೇರಿಗೆ ನಿಲ್ಲತಾರ." ಮೊರದಲ್ಲಿ ಒಂದು ಕಲ್ಲು ಹೆಕ್ಕಿ ಎಸೆದು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅವಗ ಹೇಳಬ್ಯಾಡ. ಜೊತಿಯವರನ್ನ ಬಿಟ್ಟ ಉಳದೆ ಅಂತ ಸರಕಾರಾನ ಬೈಕೋತ ಇರಲಿ. ಅವ್ವನ್ನ ಬೈಯೂ ಹಂಗ ಆಗಬಾರದು."

ಬಂದೂಕನ್ನು ಕಣ್ಣೀರಿಲ್ಲದೆ ಚಕ್ಕಡಿಗೆ ಹಾಕಿದ ದಿನ ಅತ್ತೆ ಈ ಶಾಸ್ತ್ರದ ಮಾತೇ ಎತ್ತಿರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು. ಕಲ್ಲು ಮನಸ್ಸಿನ ಹೆಂಗಸು ಎಂದು ನಾನು ಅವರನ್ನು ಅಂದುಕೊಂಡದ್ದೂ ನೆನಪಾಯಿತು. ಎದ್ದು ಹೋಗಿ ಅವರ ಕಾಲು ಮುಟ್ಟಿದೆ. "ಏಳು, ಜ್ವಾಳ ಚೆಲ್ಲತಾವು" ಎಂದರು.

ಇವರಿಗೆ ನಾನು ಹೇಳಲಿಲ್ಲ. ಅತ್ತೆ ಹೋದ ಮೇಲೂ ಹೇಳಲಿಲ್ಲ. ಇವರು ಕೊನೆಯವರೆಗೂ ಊಟಕ್ಕೆ ಕೂತಾಗ ಕಚೇರಿಯವರನ್ನು ಬೈಯುತ್ತಿದ್ದರು: ಬಾಸಿಂಗ ಅಂದ್ರೇನು ಅಂತ ಕೇಳಿದ್ರಲ್ಲ ಮಕ್ಕಳು, ನನ್ನ ಮಂದಿ ಅಲ್ಲಿ ಸಾಯೂ ಹೊತ್ತಿನಾಗ! ನಾನು ಹೂಂ ಅನ್ನುತ್ತ, ಮೊದಲ ರೊಟ್ಟಿಯನ್ನು ಅವರ ತಾಟಿಗೆ ಹಾಕುತ್ತಿದ್ದೆ.